ಟೇಲರ್ ಮಾವ ಅಳತೆ ತೆಗೆದ ಗಾಲಿಕುರ್ಚಿ

ಟೇಲರ್ ಮಾವ ಹೊಲಿದ ಯೂನಿಫಾರ್ಮು ಬಿಗಿಯಾಯಿತೆಂದು ಈ ಮೂವತ್ತೊಂದು ವರ್ಷಗಳಲ್ಲಿ ಒಂದು ಮಗುವೂ ದೂರಿದ್ದಿಲ್ಲ. ದೂರುವುದಾದರೂ ಹೇಗೆ? ಅವನು ಹೊಲಿದ ಅಂಗಿಯೊಳಗೆ ಮಗು ಮೊದಲ ವರ್ಷ ಕಳೆದುಹೋಗುತ್ತದೆ, ಎರಡನೆಯ ವರ್ಷ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ, ಮೂರನೆಯ ವರ್ಷ ಅಂಗಿ ಮೈಗೆ ಸರಿಯಾಗಿ ಕೂರುವ ಹೊತ್ತಿಗೆ ಮೊಣಕೈ ಹರಿದಿರುತ್ತದೆ. ಯಾರಾದರೂ ತಾಯಿ "ಸ್ವಲ್ಪ ದೊಗಳೆ ಆಯ್ತೇನೋ" ಎಂದರೆ ಮಾವ ಗುಂಡುಸೂಜಿ ಕಚ್ಚಿಕೊಂಡ ಬಾಯಲ್ಲೇ "ಬೆಳೆಯೋ ಮಗು, ಇರಲಿ" ಅನ್ನುತ್ತಾನೆ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡವನ ಜೊತೆ ವಾದಕ್ಕಿಳಿಯಬಾರದು ಎಂಬ ತಿಳಿವಳಿಕೆ ಆ ಬೀದಿಯ ತಾಯಂದಿರಿಗೆಲ್ಲ ಇತ್ತು.

ಅವನನ್ನು ಮಾವ ಎನ್ನುವ ಹಕ್ಕು ನ್ಯಾಯವಾಗಿ ಇದ್ದದ್ದು ಒಬ್ಬಳಿಗೆ, ಅಕ್ಕನ ಮಗಳಿಗೆ. ಆದರೆ ಆ ಹುಡುಗಿಯ ಗಂಟಲು ಎಂಥದ್ದೆಂದರೆ, ಅವಳು ಕೂಗಿದ್ದನ್ನು ಕೇಳಿ ಕೇಳಿ ಬೀದಿಗೆ ಬೀದಿಯೇ ಅವನನ್ನು ಮಾವನನ್ನಾಗಿ ಮಾಡಿಕೊಂಡಿತ್ತು. ವಯಸ್ಸು ಹನ್ನೊಂದು, ಮನೆಯವರಿಟ್ಟ ಅಡ್ಡಹೆಸರು ಮೆಣಸಿ. ಹುಟ್ಟುವಾಗ ಅವಳ ಬೆನ್ನುಮೂಳೆಯ ಕೆಳಭಾಗ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಡಾಕ್ಟರು ಅದನ್ನು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಸೊಂಟದಿಂದ ಕೆಳಗೆ ಬಲವಿಲ್ಲ, ಚುಚ್ಚಿದರೂ ಉಜ್ಜಿದರೂ ತಿಳಿಯುವುದಿಲ್ಲ. ಸೊಂಟದಿಂದ ಮೇಲೆ ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದ, ಅದರಲ್ಲೂ ನಾಲಿಗೆಗೆ.

ತಾಯಿ ಮಗಳು ಇಬ್ಬರೂ ಮಾವನ ಮನೆಯಲ್ಲೇ ಇದ್ದರು. ಭಾವ ಸರಕಿನ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಮಾವನಿಗೆ ಮದುವೆಯಾಗಿರಲಿಲ್ಲ. ಮಾತುಕತೆಗೆ ಹೋದ ಮನೆಯಲ್ಲೆಲ್ಲ ಹುಡುಗಿಯ ಅಪ್ಪನ ಕೋಟಿನ ಭುಜ ಏರುಪೇರಾಗಿದೆ ಎಂದು ತೋರಿಸಿಕೊಟ್ಟು ಬರುತ್ತಿದ್ದವನಿಗೆ ಹೆಣ್ಣು ಯಾರು ಕೊಡುತ್ತಾರೆ?

ಈ ವರ್ಷ ಮೆಣಸಿ ಆರನೆಯ ತರಗತಿಗೆ ದೊಡ್ಡ ಶಾಲೆ ಸೇರಬೇಕಿತ್ತು. ಅಲ್ಲಿನ ಹೆಡ್ ಮೇಡಂ ಅವಳ ಅಂಕಪಟ್ಟಿ ನೋಡಿದರು, ಕುರ್ಚಿ ನೋಡಿದರು. ಅದು ಹಿಂದಿನಿಂದ ತಾಯಿ ತಳ್ಳಿದರೆ ಮಾತ್ರ ಹೋಗುವ ಪುಟ್ಟ ಗಾಲಿಯ ಕುರ್ಚಿ.

"ಹುಡುಗಿ ಜಾಣೆ, ಸೇರಿಸ್ಕೊಳ್ಳೋಕೆ ನನಗೆ ಸಂತೋಷವೇ," ಎಂದರು. "ಆದ್ರೆ ನಮ್ಮಲ್ಲಿ ಆಯಾ ಇಲ್ಲ. ಗೇಟಿಂದ ತರಗತಿಗೆ, ತರಗತಿಯಿಂದ ಟಾಯ್ಲೆಟ್‌ಗೆ ಅವಳೇ ಹೋಗಿ ಬರೋ ಹಾಗಿರಬೇಕು. ಶಾಲೆ ಶುರುವಾಗೋ ಹಿಂದಿನ ಸೋಮವಾರ ಕರ್ಕೊಂಡು ಬನ್ನಿ, ನೋಡೋಣ. ಆಗಲ್ಲ ಅಂದ್ರೆ ಆ ಸೀಟಿಗೆ ಬೇರೆ ಮಗು ಕಾಯ್ತಿದೆ."

ನಾಲ್ಕು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು ಮೆಣಸಿ ಎರಡು ವರ್ಷದ ಹಿಂದೆಯೇ ಕಲಿತಿದ್ದಳು. ಅವಳಿಗೆ ಬೇಕಾಗಿದ್ದದ್ದು ತಾನೇ ಗಾಲಿ ತಿರುಗಿಸಿಕೊಂಡು ಹೋಗುವ ಒಂದು ಕುರ್ಚಿ. ಗಾಲಿಕುರ್ಚಿ ಕೇಂದ್ರಕ್ಕೆ ಬರೆದಾಗ ಅಲ್ಲಿಂದ ಒಂದು ಫಾರ್ಮು ಬಂತು. ಕೂರುವ ಅಗಲ, ಆಳ, ಬೆನ್ನಿನ ಎತ್ತರ, ಕಾಲಿನ ಉದ್ದ ತುಂಬಬೇಕು. ಅಳತೆ ತೆಗೆಯಲು ಬೇಕಾದರೆ ಕೇಂದ್ರದ ಥೆರಪಿಸ್ಟ್ ಮನೆಗೇ ಬರುತ್ತಾರೆ, ಫೋನ್ ಮಾಡಿ ಎಂದಿತ್ತು.

"ಫೋನ್ ಮಾಡೋಣ ಕಣೋ," ಎಂದಳು ಅಕ್ಕ.

ಮಾವ ಫಾರ್ಮನ್ನು ಕೆಳಗಿಟ್ಟ. "ಅಕ್ಕ, ನನ್ನ ಕೊರಳಲ್ಲಿ ಇರೋದೇನು?"

"ಟೇಪು."

"ಮೂವತ್ತೊಂದು ವರ್ಷದಿಂದ ಟೇಪು ಕೊರಳಲ್ಲಿ ಹಾಕ್ಕೊಂಡವನು ಇರೋ ಮನೆಗೆ ಅಳತೆ ತೆಗೆಯೋಕೆ ಹೊರಗಿನವರು ಬಂದ್ರೆ, ನಾಳೆ ನಾನು ಅಂಗಡಿ ಬಾಗಿಲು ಹೇಗೆ ತೆಗೀಲಿ?"

ಮೆಣಸಿಯನ್ನು ಸ್ಟೂಲಿನ ಮೇಲೆ ಕೂರಿಸಿ ಅಳತೆ ತೆಗೆದ. ಸೊಂಟದ ಅಗಲ ಹನ್ನೆರಡು ಇಂಚು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೈಯ ಅಭ್ಯಾಸ ಕೇಳಬೇಕಲ್ಲ. ಬೆಳೆಯುವ ಮಗು, ಅದಕ್ಕೆ ನಾಲ್ಕು. ಸಡಿಲಕ್ಕೆ ಮೂರು. ಹೊಲಿಗೆಗೆ ಒಂದು.

"ಮಾವ, ಕುರ್ಚಿಗೆ ಹೊಲಿಗೆ ಎಲ್ಲಿರುತ್ತೆ?" ಎಂದಳು ಮೆಣಸಿ.

"ಸೀಟು ಬಟ್ಟೆಯದೇ ಅಲ್ವಾ? ನೀನು ಉಸಿರು ಬಿಗಿ ಹಿಡೀಬೇಡ, ಸುಮ್ಮನೆ ಕೂತ್ಕೋ."

ಹೀಗೆ ಕೂರುವ ಅಗಲ ಇಪ್ಪತ್ತು ಇಂಚಾಯಿತು. ಮಿಕ್ಕ ಅಳತೆಗಳೂ ಅದೇ ಉದಾರ ಮನಸ್ಸಿನಲ್ಲಿ ಬೆಳೆದವು. 'ಅಳತೆ ತೆಗೆದವರು' ಎಂಬಲ್ಲಿ ಮಾವ 'ವೃತ್ತಿಪರ' ಎಂದು ಬರೆದು ಸಹಿ ಹಾಕಿದ. ಕೇಂದ್ರದವರಿಗೆ ಅನುಮಾನ ಬಂದು ಫೋನ್ ಮಾಡಿದರು.

"ಹನ್ನೊಂದು ವರ್ಷದ ಹುಡುಗಿಗೆ ಇಪ್ಪತ್ತು ಇಂಚಾ?"

"ನಮ್ಮ ಮನೆತನದ ಮೈಕಟ್ಟೇ ಹಾಗೆ," ಎಂದ ಮಾವ. ಅವನ ಸ್ವಂತ ಸೊಂಟಕ್ಕೆ ಬೆಲ್ಟಿನಲ್ಲಿ ಮೂರು ತೂತು ಹೆಚ್ಚಿಗೆ ಹೊಡೆಸಬೇಕಾಗಿತ್ತು ಎಂಬುದು ಫೋನಿನಲ್ಲಿ ಕಾಣುವುದಿಲ್ಲ.

ಹದಿನೈದನೆಯ ದಿನ ಕುರ್ಚಿ ಬಂತು. ಇಬ್ಬರು ಹೊತ್ತು ತಂದು ಬೀದಿಯಲ್ಲಿ ಇಳಿಸಿದರು. ಮೆಣಸಿಯನ್ನು ಕೂರಿಸಿದಾಗ ಅವಳು ಕಣಜದಲ್ಲಿ ಉಳಿದ ಒಂದು ಕಾಳಿನ ಹಾಗೆ ಕಂಡಳು. ಬಲಗಾಲಿ ಹಿಡಿಯಲು ಬಲಕ್ಕೆ ಜಾರಬೇಕು, ಆಗ ಎಡಗಾಲಿ ಕೈಗೆ ಸಿಗುವುದಿಲ್ಲ. ಒಂದೇ ಗಾಲಿ ತಿರುಗಿಸಿ ತಿರುಗಿಸಿ ಇದ್ದಲ್ಲೇ ಮೂರು ಸುತ್ತು ಹಾಕಿದಳು.

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕನ್ನಡಕ ಏರಿಸಿ ನೋಡಿದರು. "ಟೇಲರ್ರೇ, ಇದು ಒಬ್ಬರಿಗೋ, ಕುಟುಂಬ ಸಮೇತವೋ?"

"ಬೆಳೀತಾಳೆ," ಎಂದ ಮಾವ.

"ಅದೂ ಸರಿ. ಅಲ್ಲೀತನಕ ಪಕ್ಕದಲ್ಲಿ ನಾನೂ ಕೂರಬಹುದು."

ಅಕ್ಕ ಮಗಳನ್ನು ಕುರ್ಚಿಯಿಂದ ಎತ್ತಿಕೊಂಡು ಒಳಗೆ ಹೋದಳು. ಬೀದಿಯ ನಗುವಿಗಿಂತ ಮಾವನಿಗೆ ಅದೇ ಹೆಚ್ಚು ಭಯ. ಕುರ್ಚಿಯನ್ನು ಅವಸರದಿಂದ ಮನೆಯೊಳಗೆ ತಳ್ಳಿದ. ಅದು ಬಾಗಿಲಲ್ಲಿ ಢಬ್ ಎಂದು ನಿಂತಿತು. ಬಾಗಿಲು ಇಪ್ಪತ್ತಾರು ಇಂಚು, ಗಾಲಿಯೂ ಸೇರಿ ಕುರ್ಚಿ ಇಪ್ಪತ್ತೊಂಬತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಪ್ಪೊಪ್ಪಿಕೊಂಡು ಬಿಡುತ್ತಿದ್ದರು. ಆದರೆ ಬೀದಿಯೆಲ್ಲ ನೋಡುತ್ತಿತ್ತು, ಪೋಸ್ಟ್‌ಮಾಸ್ಟರ್ ನಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾವ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ತೀರ್ಪು ಕೊಟ್ಟ.

"ಬಾಗಿಲು ಕಿರಿದಾಗಿದೆ."

ಮೇಸ್ತ್ರಿಯನ್ನು ಕರೆಸಿದ. ಆ ಮನೆ ಕಟ್ಟಿದವನೇ ಆ ಮೇಸ್ತ್ರಿ, ಮಾವನ ಬಾಲ್ಯದ ಗೆಳೆಯ. ಅವನು ಕುರ್ಚಿ ನೋಡಿದ, ಹುಡುಗಿಯನ್ನು ನೋಡಿದ, ಗೆಳೆಯನನ್ನು ನೋಡಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬಾಗಿಲು ಏನು ಪಾಪ ಮಾಡ್ತಯ್ಯಾ?"

"ನಿನಗೆ ಹೇಳಿದಷ್ಟು ಮಾಡು. ಮೂವತ್ತನಾಲ್ಕು ಇಂಚಿಗೆ ಒಡಿ. ಇರಲಿ, ಇನ್ನೆರಡು ಜಾಸ್ತಿ ಮಾಡು."

"ಬಾಗಿಲೂ ಬೆಳೆಯುತ್ತಾ?"

ಮಾವ ಸುತ್ತಿಗೆ ಎತ್ತಿ ಅವನ ಕೈಗಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಕಾಲು ಎಣಿಸಲು ಬೇರೆಯವರಿಗೆ ಅವಕಾಶ ಕೊಡಬಾರದು. ಮೂರು ದಿನ ಮನೆಯಲ್ಲಿ ಸುತ್ತಿಗೆಯ ಸದ್ದು. ಮುಂಬಾಗಿಲು, ನಡುಮನೆ, ಅಡುಗೆಮನೆ, ಬಚ್ಚಲು, ಒಂದೊಂದಾಗಿ ಬಾಯಿ ಬಿಟ್ಟವು. ಹೊಸ ಬಾಗಿಲು ಬರುವವರೆಗೆ ಬಚ್ಚಲಿಗೆ ಮಾವನೇ ಪರದೆ ಹೊಲಿದು ಹಾಕಿದ. ಅದು ಒಂದಡಿ ಉದ್ದವಾಗಿ, ಅಕ್ಕ ಎರಡು ಸಲ ಎಡವಿದಳು.

ಮನೆ ಗೆದ್ದಾಯಿತು, ಇನ್ನು ಶಾಲೆ. ಅಲ್ಲಿನ ಬಾಗಿಲುಗಳ ಯೋಗ್ಯತೆ ನೋಡಿಬರೋಣವೆಂದು ಮಾವ ಒಂದು ದಿನ ಖಾಲಿ ಕುರ್ಚಿ ತಳ್ಳಿಕೊಂಡು ಹೊರಟ. ರಜೆಯ ಕಾಲ, ಶಾಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೇಟು ಸಾಕಷ್ಟು ಅಗಲವಿತ್ತು. ಜಗಲಿಗೆ ಮೂರು ಮೆಟ್ಟಿಲು, ಕುರ್ಚಿಯನ್ನು ಎತ್ತಿಟ್ಟ. ಟಾಯ್ಲೆಟ್ಟಿನ ಬಾಗಿಲಿಗೆ ಬಂದಾಗ, ಕೂತು ನೋಡಿದರೇ ಸರಿಯಾದ ಅಂದಾಜು ಸಿಗುವುದು ಎಂದುಕೊಂಡು ಕೂತ. ಎರಡೂ ಕೈಯಿಂದ ಗಾಲಿಗಳನ್ನು ಜೋರಾಗಿ ಮುಂದೆ ತಳ್ಳಿದ.

ಕುರ್ಚಿ ಅರ್ಧ ಒಳಗೆ ಹೋಗಿ ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಮೊಣಕಾಲು ಎದುರಿನ ಕೈತೊಳೆಯುವ ತೊಟ್ಟಿಗೆ ತಾಗಿತ್ತು, ಮೊಣಕೈಗಳು ಚೌಕಟ್ಟಿಗೂ ಕುರ್ಚಿಗೂ ನಡುವೆ ಸಿಕ್ಕಿದ್ದವು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಏಳುವಂತಿಲ್ಲ. ಮೂಗಿನ ಮೇಲೊಂದು ನೊಣ ಕೂತಿತು. ಅದನ್ನೂ ಓಡಿಸುವಂತಿಲ್ಲ.

ಅದೇ ಹೊತ್ತಿಗೆ ಹೆಡ್ ಮೇಡಂ ನಗರಸಭೆಯ ಎಂಜಿನಿಯರನ್ನು ಕರೆದುಕೊಂಡು ಆ ಕಡೆ ಬಂದರು. ಈ ಎಂಜಿನಿಯರರು ವರ್ಷಕ್ಕೊಮ್ಮೆ ಬಂದು, ಜಗಲಿಯಲ್ಲೇ ನಿಂತು, ಕಟ್ಟಡವೆಲ್ಲ ನಿಯಮದ ಪ್ರಕಾರ ಇದೆ ಎಂದು ಸಹಿ ಹಾಕಿ ಹೋಗುವವರು. ಎಂಟು ವರ್ಷದಿಂದ ಹಾಗೇ ನಡೆದಿತ್ತು. ಇಂದು ಅವರ ದುರದೃಷ್ಟಕ್ಕೆ ಕೈ ತೊಳೆಯಬೇಕೆನಿಸಿತ್ತು.

"ಯಾರದು?" ಎಂದರು ಅವರು, ಬಾಗಿಲಿಗೆ ಅಡ್ಡವಾಗಿದ್ದ ಬೆನ್ನನ್ನು ನೋಡಿ.

"ಬಾಗಿಲು ಇಪ್ಪತ್ತಾರು ಇಂಚು," ಎಂದ ಮಾವ ತಿರುಗದೆ. ತಿರುಗಲು ಆಗುತ್ತಿರಲಿಲ್ಲ. "ವೀಲ್‌ಚೇರಲ್ಲಿ ಬರೋ ಮಗು ಒಳಗೆ ಹೋಗೋದು ಹೇಗ್ರೀ? ಇದು ಸರಿಯಿದೆ ಅಂತ ಸಹಿ ಹಾಕಿದ ಮಹಾನುಭಾವ ಯಾರು?"

ಮಾವನಿಗೆ ಸಿಟ್ಟು ಬಂದಿತ್ತು, ನೊಣ ಕಿವಿಗೆ ಹೋಗಿತ್ತು, ಅಷ್ಟೇ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಂಜಿನಿಯರರ ಮುಖ ಬಿಳಿಚಿತು. ಕೂತವನ ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು. ಇದಲ್ಲದೆ, ಬೆನ್ನು ತಿರುಗಿಸಿಕೊಂಡೇ ಮಾತಾಡುವವರು ತುಂಬ ಮೇಲಿನ ಅಧಿಕಾರಿಗಳೇ ಆಗಿರುತ್ತಾರೆ ಎಂಬುದನ್ನು ಅವರು ಅನುಭವದಿಂದ ಬಲ್ಲರು.

"ಸರ್... ತಾವು ಯಾವ ವಿಭಾಗದವರು?"

"ಅಳತೆ."

"ಎಷ್ಟು ವರ್ಷದಿಂದ ಸರ್?"

"ಮೂವತ್ತೊಂದು."

ಗಮನಿಸಬೇಕು, ಟೇಲರ್ ಮಾವ ಒಂದೇ ಒಂದು ಸುಳ್ಳು ಹೇಳಲಿಲ್ಲ. ಹೆಡ್ ಮೇಡಂಗೆ ಅವನು ಯಾರೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಅವರು ಇದೇ ಟಾಯ್ಲೆಟ್ಟಿನ ಬಗ್ಗೆ ಇದೇ ಎಂಜಿನಿಯರಿಗೆ ಹನ್ನೊಂದು ಪತ್ರ ಬರೆದಿದ್ದರು, ಒಂದಕ್ಕೂ ಉತ್ತರ ಬಂದಿರಲಿಲ್ಲ. ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಬಹಳ ವಿನಯದಿಂದ ಬೆನ್ನಿನ ಕಡೆ ಬಾಗಿದರು.

"ಸರ್, ಜಗಲಿಗೆ ಇಳಿಜಾರು ದಾರಿ ಇಲ್ಲ. ಒಳಗೆ ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಕೈತೊಳೆಯೋ ತೊಟ್ಟಿ ಬಾಗಿಲಿಗೇ ಅಡ್ಡ ಇದೆ. ಅದನ್ನೂ ತಾವು ಗಮನಿಸಿದ್ರಾ?"

"ಎಲ್ಲಾ ಬರ್ಕೊಳ್ಳಿ," ಎಂದ ಮಾವ. ಅವನ ಕೈ ಖಾಲಿಯಿದ್ದಿದ್ದರೆ ತಾನೇ ಬರೆದುಕೊಳ್ಳುತ್ತಿದ್ದ. ಎಂಜಿನಿಯರರು ಒಂದೊಂದನ್ನೂ ಬರೆದುಕೊಂಡರು.

"ಯಾವಾಗ ಶುರು ಮಾಡಿಸ್ಲಿ ಸರ್?"

"ಈಗಲೇ," ಎಂದ ಮಾವ ಮನಸಾರೆ. "ಈ ಚೌಕಟ್ಟನ್ನ ಈ ಕ್ಷಣ ತೆಗೆಸಿ."

ಅರ್ಧ ಗಂಟೆಯಲ್ಲಿ ಹಾರೆಕೋಲು ಹಿಡಿದು ಬಂದವನು ಅದೇ ಮೇಸ್ತ್ರಿ. ಬಾಗಿಲಲ್ಲಿ ಸಿಕ್ಕಿದ್ದ ಗೆಳೆಯನನ್ನು ಕಂಡ. ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ ಎಂಜಿನಿಯರನ್ನು ಕಂಡ. ಹೆಡ್ ಮೇಡಂ ಕಣ್ಣಲ್ಲೇ ಏನೋ ಹೇಳಿದರು.

"ಸರ್," ಎಂದ ಮೇಸ್ತ್ರಿ, ಆ ಒಂದು ಪದವನ್ನು ಸಾಧ್ಯವಾದಷ್ಟು ಎಳೆದು, "ಮೊಣಕೈ ಸ್ವಲ್ಪ ಒಳಗೆ ತಗೊಳ್ಳಿ. ಏಟು ಬಿದ್ದೀತು."

ಎಂಟು ವರ್ಷ ಮಲಗಿದ್ದ ಕೆಲಸ ಒಂದು ವಾರದಲ್ಲಿ ಮುಗಿಯಿತು. ಬೀದಿಯಲ್ಲಿ ಮಾವನ ನಡಿಗೆಯೇ ಬೇರೆಯಾಯಿತು. ತಪ್ಪು ಬಾಗಿಲುಗಳದ್ದು, ಕುರ್ಚಿಯದ್ದಲ್ಲ ಎಂದು ಸರಕಾರವೇ ಒಪ್ಪಿದಂತಾಯಿತಲ್ಲ. ಪೋಸ್ಟ್‌ಮಾಸ್ಟರ್ ಕೂಡ ತಮ್ಮ ಬಾಗಿಲಿನ ಅಳತೆ ಕೇಳಿಕೊಂಡು ಹೋದರು.

ಇಷ್ಟರಲ್ಲಿ ಸೋಮವಾರಕ್ಕೆ ಐದು ದಿನ ಉಳಿಯಿತು. ಮೆಣಸಿ ದಿನವೂ ಆ ಕುರ್ಚಿಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಬಲಕ್ಕೆ ಜಾರುವುದು, ಎಡಕ್ಕೆ ಜಾರುವುದು, ನಾಲ್ಕು ಗಜ ಹೋಗಲು ಕಾಲು ಗಂಟೆ. ಬುಧವಾರ ಬೆಳಿಗ್ಗೆ ಸ್ನಾನ ಮಾಡಿಸುವಾಗ ಅಕ್ಕ ಅವಳ ಸೊಂಟದ ಹತ್ತಿರ ಬೊಟ್ಟಿನಗಲ ಕೆಂಪು ಗುರುತು ಕಂಡಳು. ಜಾರಿ ಜಾರಿ ಉಜ್ಜಿ ಆದದ್ದು. ನೋವು ತಿಳಿಯದ ಚರ್ಮದ ಮೇಲೆ ಅಂಥ ಗುರುತು ಹುಣ್ಣಾದರೆ ತಿಂಗಳುಗಟ್ಟಲೆ ಮಲಗಿರಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗಾದರೆ ಸೋಮವಾರವೂ ಇಲ್ಲ, ಈ ವರ್ಷದ ಶಾಲೆಯೂ ಇಲ್ಲ. ಅಕ್ಕ ಮಾವನ ಅಂಗಡಿಗೆ ಬಂದು ನಿಂತಳು. ಅಂಗೈಯಗಲದ ಅಂಗಡಿ, ಓಡಿಹೋಗಲು ಜಾಗವಿರಲಿಲ್ಲ.

"ಮೇಸ್ತ್ರಿ ಹತ್ರ ಮನೆ ಒಡೆಸಿದೆ, ಸುಮ್ಮನಿದ್ದೆ," ಎಂದಳು. "ಶಾಲೆ ಒಡೆಸಿದೆ, ಸುಮ್ಮನಿದ್ದೆ. ಈಗ ನನ್ನ ಮಗಳ ಮೈ ಕಣೋ."

ಹಿಂದೆಯೇ ಹಳೆಯ ಪುಟ್ಟ ಕುರ್ಚಿಯಲ್ಲಿ ಕೂತಿದ್ದ ಮೆಣಸಿ ಅಳುತ್ತಿರಲಿಲ್ಲ. ಅದನ್ನೇ ಮಾವನಿಗೆ ತಡೆದುಕೊಳ್ಳಲಾಗಲಿಲ್ಲ.

"ಮಾವ, ಅಂಗಿ ದೊಗಳೆ ಆದ್ರೆ ಮಕ್ಕಳು ನಗ್ತಾರೆ, ಅಷ್ಟೇ. ಕುರ್ಚಿ ದೊಗಳೆ ಆದ್ರೆ ನಾನು ಬೀಳ್ತೀನಿ."

ಇಡೀ ಬೀದಿಯ ಮುಂದೆ ಮರ್ಯಾದೆ ಉಳಿಸಿಕೊಂಡದ್ದು ಯಾರ ಮೈಯ ಮೇಲೆ ಎಂದು ಟೇಲರ್ ಮಾವನಿಗೆ ಆಗ ತಿಳಿಯಿತು. ಪೋಸ್ಟ್‌ಮಾಸ್ಟರ್ ಪ್ಯಾಂಟಿಗೆ ಗುಂಡಿ ಹಾಕಿಸಲು ಅಲ್ಲೇ ಕೂತಿದ್ದರು. ಅವರ ಎದುರಿಗೇ ಕೇಂದ್ರಕ್ಕೆ ಫೋನ್ ಮಾಡಿದ.

"ಅಳತೆ ತಪ್ಪಾಗಿದೆ," ಎಂದ. "ಇಲ್ಲ, ನಿಮ್ಮದಲ್ಲ. ನಂದು. ಎಂಟು ಇಂಚು."

ಅವನ ಜೀವಮಾನದಲ್ಲಿ ಅಂಥ ಮಾತು ಅದೇ ಮೊದಲು. ಪೋಸ್ಟ್‌ಮಾಸ್ಟರ್ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನವೇ ಕೇಂದ್ರದಿಂದ ಥೆರಪಿಸ್ಟ್ ಬಂದಳು, ಚುರುಕು ಹೆಣ್ಣುಮಗಳು. ಮೊದಲು ಮೆಣಸಿಯ ಗುರುತು ನೋಡಿ, ಶನಿವಾರದೊಳಗೆ ಮಾಯುತ್ತದೆ, ಅಲ್ಲಿಯವರೆಗೆ ಹೆಚ್ಚು ಹೊತ್ತು ಕೂರಬೇಡ ಎಂದಳು. ಆಮೇಲೆ ತನ್ನ ಚೀಲದಿಂದ ಟೇಪು ತೆಗೆದವಳು ಮಾವನ ಕೊರಳು ನೋಡಿ ನಿಂತಳು.

"ನೀವೇ ಹಿಡೀರಿ. ನಾನು ಬರ್ಕೋತೀನಿ."

ಮಾವ ಮಂಡಿಯೂರಿ ಹಿಡಿದ. "ಹನ್ನೆರಡು," ಎಂದ. ನಾಲಿಗೆಯ ತುದಿಗೆ ಇನ್ನೂ ಏನೋ ಬಂದಿತ್ತು. ಮೆಣಸಿ ಅವನ ಬಾಯನ್ನೇ ನೋಡುತ್ತಿದ್ದಳು. ನುಂಗಿಕೊಂಡ.

"ಬೆಳೆದ್ರೆ ಏನು ಮಾಡೋದಮ್ಮಾ?" ಎಂದು ಕೇಳದೆ ಇರಲು ಮಾತ್ರ ಆಗಲಿಲ್ಲ.

"ಬೆಳೆದಾಗ ಮತ್ತೆ ಬರ್ತೀನಿ. ಅಡ್ಡಪಟ್ಟಿ ಬದಲಾಯಿಸಿದ್ರೆ ಅಗಲ ಆಗುತ್ತೆ. ಆದ್ರೆ ಇವಳು ಓಡಾಡಬೇಕಾಗಿರೋದು ಈ ವರ್ಷ ಅಲ್ವಾ?"

ಮಾವ ಟೇಪನ್ನು ಸುತ್ತಿಕೊಂಡ. ಮೂವತ್ತೊಂದು ವರ್ಷ ಎಷ್ಟು ಮಕ್ಕಳು ತಮ್ಮ 'ಈ ವರ್ಷ'ವನ್ನು ತಾನು ಹೊಲಿದ ಅಂಗಿಯೊಳಗೆ ಕಾದು ಕಳೆದರೋ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ಅದೃಷ್ಟಕ್ಕೆ ಕೇಂದ್ರದಲ್ಲಿ ಯಾವುದೋ ಮಗು ಬೆಳೆದು ಹಿಂದಿರುಗಿಸಿದ ಅದೇ ಅಳತೆಯ ಕುರ್ಚಿಯೊಂದಿತ್ತು. ಹಳದಿ ಬಣ್ಣದ್ದು. ಭಾನುವಾರ ಅದು ಮನೆಗೆ ಬಂತು. ಮೆಣಸಿ ಕೂತಳು, ಎರಡೂ ಕೈ ಇಳಿಬಿಟ್ಟಳು, ಎರಡೂ ಗಾಲಿ ಅಂಗೈಗೆ ಬಂದವು. ಮುಂಬಾಗಿಲಿಂದ ನಡುಮನೆಗೆ, ಅಲ್ಲಿಂದ ಬಚ್ಚಲಿಗೆ, ಅಲ್ಲಿಂದ ಅಡುಗೆಮನೆಗೆ ಸರ್ರನೆ ಸುತ್ತಿ ಬಂದಳು. ಮನೆಯ ಎಲ್ಲ ಬಾಗಿಲಲ್ಲೂ ಅವಳ ಎರಡೂ ಪಕ್ಕ ಧಾರಾಳ ಜಾಗ.

ಸೋಮವಾರ ಶಾಲೆಯ ಗೇಟಿನಲ್ಲಿ ಅಕ್ಕ, ಮಾವ, ಪೋಸ್ಟ್‌ಮಾಸ್ಟರ್, ಮೇಸ್ತ್ರಿ ಎಲ್ಲರೂ ಇದ್ದರು. ಹೆಡ್ ಮೇಡಂ ಜಗಲಿಯ ಮೇಲೆ ನಿಂತಿದ್ದರು. ಎಂಜಿನಿಯರರು ಒಂದು ವರದಿ ಹಿಡಿದು ಓಡೋಡಿ ಬಂದರು.

"ಸರ್, ಕೆಲಸ ಮುಗಿದಿದೆ. 'ಪರಿಶೀಲಿಸಿದವರು' ಅನ್ನೋ ಕಡೆ ತಮ್ಮದೊಂದು ಸಹಿ, ಹುದ್ದೆ."

ಒಂದು ವಾರದ ಹಿಂದಾಗಿದ್ದರೆ ಮಾವ ಏನು ಬರೆಯುತ್ತಿದ್ದನೋ ದೇವರೇ ಬಲ್ಲ. ಇಂದು ಪೆನ್ನು ತೆಗೆದುಕೊಂಡು 'ಟೇಲರ್' ಎಂದು ದುಂಡಗೆ ಬರೆದ.

ಎಂಜಿನಿಯರರು ಓದಿದರು, ಮತ್ತೊಮ್ಮೆ ಓದಿದರು, ಹೆಡ್ ಮೇಡಂ ಕಡೆ ನೋಡಿದರು.

"ಅಳತೆ ವಿಭಾಗ ಅಂದಿದ್ರು, ನಿಜವೇ ಅಲ್ವಾ?" ಎಂದರು ಮೇಡಂ. "ಬೇಕಿದ್ರೆ ಮೇಲಿನವರಿಗೆ ಬರೀರಿ. ನನ್ನ ಹನ್ನೊಂದು ಪತ್ರದ ನಕಲೂ ಜೊತೆಗೆ ಕೊಡ್ತೀನಿ."

ಎಂಜಿನಿಯರರು ಕಟ್ಟಿದ ಇಳಿಜಾರನ್ನು ನೋಡಿದರು. ಅದನ್ನು ಇನ್ನು ವಾಪಸು ತೆಗೆದುಕೊಂಡು ಹೋಗುವಂತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. "ಕೆಲಸವೇನೋ ಚೆನ್ನಾಗೇ ಆಗಿದೆ," ಎಂದು ತಮಗೆ ತಾವೇ ಹೇಳಿಕೊಂಡರು.

ಮೆಣಸಿ ಗೇಟು ದಾಟಿದಳು. ಅಂಗಳ ಸಲೀಸಾಯಿತು. ಇಳಿಜಾರಿನ ಅರ್ಧದಲ್ಲಿ ಅವಳ ತೋಳು ಸೋತು ಕುರ್ಚಿ ಒಂದು ಗೇಣು ಹಿಂದಕ್ಕೆ ಉರುಳಿತು. ಮಾವ ಮುಂದೆ ನುಗ್ಗಿದ. ಅಕ್ಕ ಅವನ ಅಂಗಿ ಹಿಡಿದೆಳೆದಳು.

"ಮುಟ್ಟಬೇಡ," ಎಂದಳು. ಇಷ್ಟು ವರ್ಷ ಮಗಳ ಕುರ್ಚಿ ತಳ್ಳಿದ ಕೈ ಅವಳದೇ.

ಮೆಣಸಿ ಉಸಿರು ತೆಗೆದುಕೊಂಡು, ಮೈ ಮುಂದಕ್ಕೆ ಬಾಗಿಸಿ, ಗಾಲಿಗಳನ್ನು ಗಟ್ಟಿಯಾಗಿ ನೂಕಿದಳು. ಒಂದು ಸಲ, ಇನ್ನೊಂದು ಸಲ. ಜಗಲಿ ಸಿಕ್ಕಿತು. ತರಗತಿಯೊಳಗೆ ಮೊದಲ ಸಾಲಿನ ಮೇಜಿನವರೆಗೆ ಹೋಗಿ ಬಂದಳು. ಆಮೇಲೆ ಮಡಿಲಲ್ಲಿದ್ದ ಚೀಲ ಸರಿಮಾಡಿಕೊಂಡು ಟಾಯ್ಲೆಟ್ಟಿನ ಕಡೆ ತಿರುಗಿದಳು. ಎಲ್ಲರೂ ಹಿಂದೆಯೇ ಹೊರಟರು. ಬಾಗಿಲು ದಾಟಿ ಒಳಗೆ ಹೋಗಿ ಕುರ್ಚಿ ತಿರುಗಿಸಿ, ಮೆರವಣಿಗೆಯನ್ನು ನೋಡಿದಳು.

"ಎಲ್ಲರೂ ಒಳಗೇ ಬರ್ತೀರಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಅಕ್ಕ ಅಲ್ಲೇ ನಿಂತಳು. ಮಗಳು ಹುಟ್ಟಿದಾಗಿನಿಂದ ಅವಳು ಬಾಗಿಲಿನ ಈ ಕಡೆ ನಿಂತದ್ದೇ ಇಲ್ಲ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಂದಕ್ಕೊಂದು ಹಿಡಿದುಕೊಂಡಳು. ಕಣ್ಣೀರು ಬಂತು. ಟೇಲರ್ ಮಾವನೂ ಅತ್ತ, ಮೇಸ್ತ್ರಿಯ ಎದುರಿಗೇ ಅತ್ತ.

ಸ್ವಲ್ಪ ಹೊತ್ತಿಗೆ ನೀರಿನ ಸದ್ದಾಯಿತು, ಚಿಲಕ ತೆರೆಯಿತು. ಮೆಣಸಿ ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ ಹೊರಬಂದು ತಾಯಿಯ ಮುಖ ನೋಡಿದಳು.

"ಅಮ್ಮಾ, ನೀನಿನ್ನೂ ಇಲ್ಲೇ ಇದೀಯಾ? ಮನೆಗೆ ಹೋಗು, ನಾನು ಬರ್ತೀನಿ."